ಒಳಪೆಟ್ಟು ತಿಂದ ಕಿಡ್ನಿ: ಕೊಯ್ಯದೆ ಉಳಿಸುವ ಚಿಕಿತ್ಸೆ ಮತ್ತು ಅದು ಬೇಡುವ ಕಾವಲು

ಮಳೆಗಾಲದಲ್ಲಿ ಕೊಟ್ಟೆ ಕಟ್ಟುವುದಕ್ಕೋ ಬೋರ್ಡೋ ದ್ರಾವಣ ಹೊಡೆಯುವುದಕ್ಕೋ ಅಡಿಕೆ ಮರ ಹತ್ತಿದ ಕೊನೆಗಾರ ಕಾಲು ಜಾರಿ ಬಿದ್ದರೆ, ಸುತ್ತ ಸೇರಿದವರು ಮೊದಲು ನೋಡುವುದು ತಲೆ ಒಡೆದಿದೆಯೇ, ಕೈಕಾಲು ಮುರಿದಿದೆಯೇ ಎಂಬುದನ್ನು. ಬೈಕು ಜಾರಿ ಹ್ಯಾಂಡಲ್ಲಿನ ತುದಿ ಪಕ್ಕೆಗೆ ಬಡಿದವನ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ. ಚರ್ಮ ಹರಿದಿರುವುದಿಲ್ಲ, ರಕ್ತ ಸುರಿದಿರುವುದಿಲ್ಲ, ಮನುಷ್ಯ ಎದ್ದು ನಿಂತು ನೀರು ಕೇಳುತ್ತಾನೆ. ಇಷ್ಟಾದರೆ 'ಒಳಪೆಟ್ಟು ಬಿದ್ದಿದೆ, ಎರಡು ದಿನದಲ್ಲಿ ಇಳಿಯುತ್ತದೆ' ಎಂದು ಸಮಾಧಾನಪಟ್ಟು, ಎಣ್ಣೆ ಕಾಯಿಸಿ ತಿಕ್ಕಿ, ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗಿಸಿ ಮಲಗಿಸುವುದು ನಮ್ಮಲ್ಲಿ ಇಂದಿಗೂ ಇದೆ. ಸಂಜೆಯ ಹೊತ್ತಿಗೆ ಮೂತ್ರ ಕೆಂಪಗೆ ಹೋದಾಗ ಮಾತ್ರ ಮನೆಯವರು ಗಾಬರಿಯಾಗುತ್ತಾರೆ. ಆ ಗಾಬರಿ ನ್ಯಾಯವಾದದ್ದೇ. ಆದರೆ ಆ ಬಳಿಕ ಆಸ್ಪತ್ರೆಯಲ್ಲಿ 'ಆಪರೇಷನ್ ಬೇಡ, ಮಲಗಿಸಿ ನೋಡೋಣ' ಎಂದು ವೈದ್ಯರು ಹೇಳಿದಾಗ ಹುಟ್ಟುವ ಅಸಮಾಧಾನಕ್ಕೆ ಕಾರಣವಿಲ್ಲ. ಏಕೆಂದರೆ ಮೊಂಡು ಪೆಟ್ಟಿನಿಂದ ಗಾಯಗೊಂಡ ಮೂತ್ರಪಿಂಡಕ್ಕೆ ಇಂದು ಜಗತ್ತಿನಾದ್ಯಂತ ಒಪ್ಪಿತವಾದ ಮೊದಲ ಚಿಕಿತ್ಸೆ ಅದೇ. ಆ ಚಿಕಿತ್ಸೆ ಫಲಿಸಬೇಕಾದರೆ ಏನೇನು ಒದಗಬೇಕು, ಅವು ನಮ್ಮ ಜಿಲ್ಲೆಗಳಲ್ಲಿ ಎಷ್ಟರ ಮಟ್ಟಿಗೆ ಒದಗುತ್ತಿವೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಮೂತ್ರಪಿಂಡ ದೇಹದೊಳಗೆ ಸಾಕಷ್ಟು ಭದ್ರವಾದ ಜಾಗದಲ್ಲಿದೆ. ಹೊಟ್ಟೆಯ ಚೀಲದ ಹಿಂದೆ, ಬೆನ್ನಿನ ದಪ್ಪ ಸ್ನಾಯುಗಳಿಗೆ ಒರಗಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ, ಕೊಬ್ಬಿನ ಮೆತ್ತೆಯೊಳಗೆ ಅದು ಕುಳಿತಿರುತ್ತದೆ; ಆ ಕೊಬ್ಬಿನ ಸುತ್ತ ಗೆರೋಟಾ ಪೊರೆ ಎಂಬ ಗಟ್ಟಿ ಹೊದಿಕೆಯೂ ಇದೆ. ಆದರೂ ಹೊಟ್ಟೆಗೆ ಪೆಟ್ಟು ಬಿದ್ದವರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಯಲ್ಲಿ ಕಿಡ್ನಿಗೂ ಗಾಯವಾಗಿರುತ್ತದೆ ಎಂಬುದು ವೈದ್ಯಲೋಕದ ಸಾಮಾನ್ಯ ಅಂದಾಜು, ಮತ್ತು ಆ ಗಾಯಗಳಲ್ಲಿ ಬಹುಪಾಲು ಚೂರಿ ಗುಂಡುಗಳಿಂದ ಆದವಲ್ಲ, ವಾಹನ ಅಪಘಾತ, ಎತ್ತರದಿಂದ ಬೀಳುವುದು, ಆಟದಲ್ಲಿ ಮೊಣಕಾಲು ತಾಗುವುದು ಇಂಥ ಮೊಂಡು ಪೆಟ್ಟುಗಳಿಂದ ಆದವು. ನೇರ ಹೊಡೆತಕ್ಕೆ ಸಿಕ್ಕ ಕಿಡ್ನಿ ಪಕ್ಕೆಲುಬಿಗೂ ಬೆನ್ನುಮೂಳೆಗೂ ನಡುವೆ ಅಪ್ಪಚ್ಚಿಯಾಗಿ ಬಿರಿಯುತ್ತದೆ. ವೇಗವಾಗಿ ಹೋಗುತ್ತಿದ್ದ ದೇಹ ತಟ್ಟನೆ ನಿಂತಾಗ ಆಗುವ ಗಾಯದ ಬಗೆ ಬೇರೆ: ಸಡಿಲವಾಗಿ ತೂಗುವ ಕಿಡ್ನಿ ಮುಂದಕ್ಕೆ ಎಳೆದುಕೊಳ್ಳುತ್ತದೆ, ಅದನ್ನು ಹಿಡಿದಿಟ್ಟ ರಕ್ತನಾಳದ ಒಳಪದರ ಸೀಳುತ್ತದೆ, ಸೀಳಿದಲ್ಲಿ ರಕ್ತ ಹೆಪ್ಪುಗಟ್ಟಿ ಇಡೀ ಕಿಡ್ನಿಗೆ ಹರಿವು ನಿಲ್ಲುತ್ತದೆ. ಹೃದಯ ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಪಾಲು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿ, ಎರಡು ಕಿಡ್ನಿಗಳ ಮೂಲಕ ಹಾದುಹೋಗುತ್ತದೆ ಎಂಬುದನ್ನು ನೆನೆದರೆ ಇಲ್ಲಿನ ಗಾಯ ಎಷ್ಟು ಬೇಗ ಪ್ರಾಣಕ್ಕೆ ಬರಬಹುದು ಎಂಬುದು ತಿಳಿಯುತ್ತದೆ.

ಕೆಂಪು ಮೂತ್ರ ಈ ಗಾಯದ ಮುಖ್ಯ ಕುರುಹು. ಆದರೆ ಅದರ ಪ್ರಮಾಣ ನೋಡಿ ಗಾಯದ ಆಳ ಅಳೆಯಲು ಹೋದರೆ ಮೋಸ ಹೋಗುತ್ತೇವೆ. ಸಣ್ಣ ತರಚು ಗಾಯಕ್ಕೂ ಮೂತ್ರ ಕಡುಗೆಂಪಾಗಬಹುದು. ಕಿಡ್ನಿಯ ಮುಖ್ಯ ರಕ್ತನಾಳವೇ ಕಟ್ಟಿಕೊಂಡಾಗ ಅಥವಾ ಮೂತ್ರನಾಳ ಕಿಡ್ನಿಯಿಂದ ಪೂರ್ತಿ ಕಿತ್ತುಬಂದಾಗ ಮೂತ್ರ ತಿಳಿಯಾಗಿಯೇ ಇರಬಹುದು, ಏಕೆಂದರೆ ಆ ಕಿಡ್ನಿಯಿಂದ ಮೂತ್ರಕೋಶಕ್ಕೆ ಏನೂ ಇಳಿದು ಬರುವುದೇ ಇಲ್ಲ. ಹಾಗಾಗಿ ವೈದ್ಯರು ಮೂರು ಸಂಗತಿಗಳನ್ನು ಜೋಡಿಸಿ ನೋಡುತ್ತಾರೆ: ಮೂತ್ರದ ಸ್ಥಿತಿ, ರಕ್ತದೊತ್ತಡ, ಪೆಟ್ಟು ಬಿದ್ದ ರೀತಿ. ಕಣ್ಣಿಗೆ ಕಾಣುವಂತೆ ಮೂತ್ರದಲ್ಲಿ ರಕ್ತವಿದ್ದರೆ ಸ್ಕ್ಯಾನ್ ಬೇಕು. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ರಕ್ತವಿದ್ದು, ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗೆ ಇಳಿದಿದ್ದರೂ ಬೇಕು. ಇವೆರಡೂ ಇಲ್ಲದೆ ಇದ್ದರೂ, ಮಹಡಿಯಿಂದ ಬಿದ್ದವರು, ಅತಿವೇಗದ ಡಿಕ್ಕಿಗೆ ಸಿಕ್ಕವರು, ಕೆಳಗಿನ ಪಕ್ಕೆಲುಬು ಮುರಿದವರು, ಪಕ್ಕೆಯಲ್ಲಿ ನೀಲಿಗಟ್ಟಿದವರು ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳಬಾರದು. ಇದಕ್ಕೆ ತಿರುಗುಮುರುಗಾಗಿ, ಬಿಪಿ ಸರಿಯಾಗಿದ್ದು ಸೂಕ್ಷ್ಮ ರಕ್ತ ಮಾತ್ರ ಇರುವ ವಯಸ್ಕರಲ್ಲಿ ದೊಡ್ಡ ಗಾಯ ಸಿಗುವುದು ತೀರ ಅಪರೂಪ. ಅಂಥವರೆಲ್ಲರನ್ನೂ ಸ್ಕ್ಯಾನಿಗೆ ಕಳುಹಿಸುವುದು ಅನಗತ್ಯ ಖರ್ಚು ಮತ್ತು ಅನಗತ್ಯ ವಿಕಿರಣ.

ಎಣ್ಣೆ ತಿಕ್ಕುವ ಮಾತು ಬಂದದ್ದರಿಂದ ಇದನ್ನು ಇಲ್ಲಿಯೇ ಹೇಳಿಬಿಡಬೇಕು. ಪಕ್ಕೆಗೆ ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಆ ಜಾಗವನ್ನು ಒತ್ತಿ ತಿಕ್ಕುವುದು, ಬೆನ್ನು ತುಳಿಸಿಕೊಳ್ಳುವುದು, ಉಳುಕು ತೆಗೆಸುವುದು ಬೇಡ. ಡೈಕ್ಲೋಫೆನಾಕ್ ಮೊದಲಾದ ನೋವಿನ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕುಗ್ಗಿಸುತ್ತವೆ. ರಕ್ತ ಕಳೆದುಕೊಂಡ ದೇಹದಲ್ಲಿ ಕಿಡ್ನಿಗೆ ಹೋಗುವ ಹರಿವನ್ನೂ ಕಡಿಮೆ ಮಾಡುತ್ತವೆ. ಮನೆಮದ್ದಿನ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ಈ ಒಂದು ಗಾಯದಲ್ಲಿ ಅದು ಚಿಕಿತ್ಸೆಗೆ ಸಿಗಬೇಕಾದ ಹೊತ್ತನ್ನು ಕಸಿದುಕೊಳ್ಳುತ್ತದೆ.

ಗಾಯದ ನಿಜವಾದ ಚಿತ್ರ ಸಿಗುವುದು ಚಿತ್ರದಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವವನ್ನು ರಕ್ತನಾಳಕ್ಕೆ ಕೊಟ್ಟು ತೆಗೆಯುವ ಸಿ.ಟಿ. ಸ್ಕ್ಯಾನಿನಲ್ಲಿ. ತುರ್ತು ವಿಭಾಗದಲ್ಲಿ ಮೊದಲಿಗೆ ಮಾಡುವ ಅಲ್ಟ್ರಾಸೌಂಡ್ ಹೊಟ್ಟೆಯೊಳಗೆ ರಕ್ತ ನಿಂತಿದೆಯೇ ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಹೊಟ್ಟೆಯ ಹಿಂದಿರುವ ಕಿಡ್ನಿಯ ಸೀಳನ್ನು ಅದು ಎಷ್ಟೋ ಸಲ ಕಾಣದೆ ಬಿಡುತ್ತದೆ. 'ಸ್ಕ್ಯಾನಿಂಗ್ ಆಯಿತು, ಏನೂ ಇಲ್ಲವಂತೆ' ಎಂದು ಮನೆಗೆ ಮರಳುವ ಮುನ್ನ ಆಗಿದ್ದು ಯಾವ ಸ್ಕ್ಯಾನ್ ಎಂದು ಕೇಳುವುದು ಒಳ್ಳೆಯದು. ಸಿ.ಟಿ.ಯಲ್ಲಿಯೂ ಒಂದು ಸೂಕ್ಷ್ಮವಿದೆ. ಕಾಂಟ್ರಾಸ್ಟ್ ದ್ರವ ಮೊದಲು ರಕ್ತನಾಳಗಳಲ್ಲಿ ಕಾಣಿಸಿಕೊಂಡು, ಹಲವು ನಿಮಿಷಗಳ ಬಳಿಕವಷ್ಟೇ ಮೂತ್ರದೊಳಗೆ ಇಳಿಯುತ್ತದೆ. ಮೊದಲ ಸುತ್ತಿನ ಚಿತ್ರಗಳಷ್ಟನ್ನೇ ತೆಗೆದು ರೋಗಿಯನ್ನು ಯಂತ್ರದಿಂದ ಇಳಿಸಿದರೆ ರಕ್ತ ಸೋರುವುದು ಕಾಣುತ್ತದೆ, ಮೂತ್ರ ಸೋರುವುದು ಕಾಣುವುದಿಲ್ಲ. ಸುಮಾರು ಹತ್ತು ನಿಮಿಷ ಕಾದು ಇನ್ನೊಂದು ಸುತ್ತು ತೆಗೆದರೆ ಮಾತ್ರ ಆ ಸೋರಿಕೆ ಬಯಲಾಗುತ್ತದೆ.

ಹೀಗೆ ಕಂಡ ಗಾಯವನ್ನು ಒಂದರಿಂದ ಐದರವರೆಗಿನ ದರ್ಜೆಗಳಲ್ಲಿ ಹೇಳುವ ಪದ್ಧತಿಯನ್ನು ಅಮೆರಿಕದ ಆಘಾತ ಶಸ್ತ್ರವೈದ್ಯರ ಸಂಘ 1989ರಲ್ಲಿ ರೂಪಿಸಿತು. 2018ರಲ್ಲಿ ಅದನ್ನು ಪರಿಷ್ಕರಿಸಿತು. ಒಂದನೆಯ ದರ್ಜೆಯಲ್ಲಿ ಕಿಡ್ನಿ ಕಂದಿರುತ್ತದೆ ಅಥವಾ ಅದಕ್ಕೆ ಅಂಟಿಕೊಂಡ ಸ್ವಂತ ಪೊರೆಯಡಿ ಸ್ವಲ್ಪ ರಕ್ತ ಸೇರಿರುತ್ತದೆ. ಸೀಳು ಒಂದು ಸೆಂಟಿಮೀಟರಿನೊಳಗಿದ್ದರೆ ಎರಡು, ಅದಕ್ಕಿಂತ ಆಳವಾಗಿದ್ದರೂ ಮೂತ್ರದ ದಾರಿ ಮುಟ್ಟದಿದ್ದರೆ ಮೂರು. ಮೂತ್ರದ ದಾರಿಯೇ ಹರಿದು ಸೋರತೊಡಗಿದರೆ, ಕಿಡ್ನಿಯ ಒಂದು ಭಾಗದ ರಕ್ತನಾಳ ಕಡಿದರೆ, ಅಥವಾ ರಕ್ತ ಗೆರೋಟಾ ಪೊರೆಯನ್ನು ದಾಟಿ ಹರಿದರೆ ನಾಲ್ಕು. ಕಿಡ್ನಿ ಚೂರುಚೂರಾಗಿ ಗುರುತೇ ಸಿಗದಂತಾದರೆ, ಮುಖ್ಯ ರಕ್ತನಾಳ ಹರಿದರೆ ಐದು. ಮೊಂಡು ಪೆಟ್ಟಿನ ಗಾಯಗಳಲ್ಲಿ ಬಹುಪಾಲು ಮೊದಲ ದರ್ಜೆಗಳವೇ ಆಗಿರುತ್ತವೆ ಎಂಬುದು ಸಮಾಧಾನದ ವಿಷಯ. 2018ರ ಬದಲಾವಣೆಯಲ್ಲಿ ರಕ್ತ ಸ್ರವಿಸುತ್ತಿರುವುದಕ್ಕೆ ಹಿಂದಿಗಿಂತ ಹೆಚ್ಚು ತೂಕ ಸಿಕ್ಕಿತು, ಮತ್ತು ಅದು ಸರಿಯಾದ ದಿಕ್ಕು: ರೋಗಿಯ ಪ್ರಾಣಕ್ಕೆ ಮೊದಲು ಕುತ್ತು ತರುವುದು ಸೀಳಿನ ಆಳಕ್ಕಿಂತ ಆ ಗಳಿಗೆಯಲ್ಲಿ ಹರಿಯುತ್ತಿರುವ ರಕ್ತ. ನಾಲ್ಕನೆಯ ದರ್ಜೆಯೊಳಗೇ ಬಹಳ ಬೇರೆ ಬೇರೆ ಗಾಯಗಳು ಸೇರಿಕೊಂಡಿರುವುದರಿಂದ ಅನುಭವಿ ವೈದ್ಯರು ಸಂಖ್ಯೆಯ ಜೊತೆಗೆ ಇನ್ನೂ ಮೂರನ್ನು ಗಮನಿಸುತ್ತಾರೆ. ಚಿತ್ರದಲ್ಲಿ ಕಾಂಟ್ರಾಸ್ಟ್ ರಕ್ತನಾಳದಿಂದ ಹೊರಚಿಮ್ಮುತ್ತಿದೆಯೇ, ಕಿಡ್ನಿಯ ಸುತ್ತ ಕಟ್ಟಿದ ರಕ್ತದ ದಪ್ಪ ಮೂರೂವರೆ ಸೆಂಟಿಮೀಟರನ್ನು ಮೀರಿದೆಯೇ, ಸೀಳು ರಕ್ತನಾಳಗಳಿರುವ ಒಳಮಗ್ಗುಲಿಗೆ ಬಿದ್ದಿದೆಯೇ ಎಂಬುವೇ ಆ ಮೂರು. ಇವು ಕೂಡಿ ಬಂದರೆ ರಕ್ತ ತಾನಾಗಿ ನಿಲ್ಲುವ ಭರವಸೆ ಇಳಿಯುತ್ತದೆ.

ಇಷ್ಟು ದೊಡ್ಡ ಗಾಯಗಳನ್ನೂ ಕೊಯ್ಯದೆ ಬಿಡುವ ಧೈರ್ಯ ವೈದ್ಯರಿಗೆ ಎಲ್ಲಿಂದ ಬಂತು? 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ತಾವ್ ಸೈಮನ್ ಎಂಬ ಶಸ್ತ್ರವೈದ್ಯ, ನಾಯಿಗಳ ಮೇಲೆ ಪ್ರಯೋಗ ಮಾಡಿ ನೋಡಿದ ಬಳಿಕ, ಮೂತ್ರನಾಳ ಹಾಳಾಗಿ ಮೂತ್ರ ಸೋರುತ್ತಿದ್ದ ಮಹಿಳೆಯೊಬ್ಬರ ಒಂದು ಕಿಡ್ನಿಯನ್ನು ಯೋಜಿತವಾಗಿ ತೆಗೆದರು, ಆಕೆ ಬದುಕಿದರು. ಒಂದೇ ಕಿಡ್ನಿಯಲ್ಲಿ ಮನುಷ್ಯ ಬದುಕಬಲ್ಲ ಎಂದು ಅಲ್ಲಿಂದ ಖಚಿತವಾಯಿತು. ಅಂಗದಾನಕ್ಕೆ ದಾರಿ ಮಾಡಿದ ಇದೇ ತಿಳಿವಳಿಕೆ ಗಾಯಗೊಂಡ ಕಿಡ್ನಿಯ ಮಟ್ಟಿಗೆ ಒಳ್ಳೆಯದನ್ನಷ್ಟೇ ಮಾಡಲಿಲ್ಲ. ಸಿ.ಟಿ. ಇಲ್ಲದ ಕಾಲದಲ್ಲಿ, ಒಳಗೆ ಏನಾಗಿದೆ ಎಂದು ತಿಳಿಯದ ಶಸ್ತ್ರವೈದ್ಯರು ಹೊಟ್ಟೆ ತೆರೆದು ನೋಡುತ್ತಿದ್ದರು. ಕಿಡ್ನಿಯ ಸುತ್ತ ಸೇರಿದ ರಕ್ತವನ್ನು ಗೆರೋಟಾ ಪೊರೆ ಬಿಗಿಯಾಗಿ ಹಿಡಿದಿಟ್ಟು, ಆ ಒತ್ತಡದಿಂದಲೇ ಸೀಳನ್ನು ಮುಚ್ಚಿಕೊಂಡಿರುತ್ತದೆ. ಪೊರೆಯನ್ನು ಬಿಡಿಸಿದ ಕ್ಷಣ ನಿಂತಿದ್ದ ರಕ್ತ ಮತ್ತೆ ಚಿಮ್ಮುತ್ತದೆ. ರಕ್ತದ ಮಡುವಿನಲ್ಲಿ ಹರಿದ ಕಿಡ್ನಿಯನ್ನು ಹೊಲಿಯುವುದು ಕಷ್ಟ, ಬುಡಕ್ಕೆ ಕ್ಲಾಂಪ್ ಹಾಕಿ ತೆಗೆದುಹಾಕುವುದು ಸುಲಭ ಮತ್ತು ಆ ಗಳಿಗೆಯಲ್ಲಿ ಸುರಕ್ಷಿತ. ಉಳಿಯಬಹುದಾಗಿದ್ದ ಎಷ್ಟೋ ಕಿಡ್ನಿಗಳು ಹೀಗೆ ಹೋದವು. ಇದರಲ್ಲಿ ಆ ವೈದ್ಯರ ತಪ್ಪಿರಲಿಲ್ಲ. ಒಳಗನ್ನು ತೆರೆಯದೆ ನೋಡುವ ದಾರಿ ಅವರಿಗೆ ಇರಲಿಲ್ಲ. ಸಿ.ಟಿ. ಆ ದಾರಿ ಕೊಟ್ಟ ಮೇಲೆ, ತೆರೆಯದೆ ಬಿಟ್ಟ ಗಾಯಗಳು ಮಾಗುವುದನ್ನು ವೈದ್ಯರು ವಾರದಿಂದ ವಾರಕ್ಕೆ ಚಿತ್ರಗಳಲ್ಲಿಯೇ ಕಂಡರು. ಇಂದು ಮೊಂಡು ಪೆಟ್ಟಿನ ಕಿಡ್ನಿ ಗಾಯಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತವೆ, ಮತ್ತು ಬಿಪಿ ಸ್ಥಿರವಾಗಿರುವ ರೋಗಿಯಲ್ಲಿ ನಾಲ್ಕನೆಯ ದರ್ಜೆಯ ಗಾಯವನ್ನೂ, ಕೆಲವೊಮ್ಮೆ ಐದನೆಯದನ್ನೂ, ಮೊದಲು ಕಾದು ನೋಡುವುದೇ ರೂಢಿಯಾಗಿದೆ.

'ಕಾದು ನೋಡುವುದು' ಎಂಬ ಮಾತೇ ತಪ್ಪು ತಿಳಿವಳಿಕೆಗೆ ಎಡೆಕೊಡುತ್ತದೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಮಂಚದ ಮೇಲೆ ರೋಗಿ ಸುಮ್ಮನೆ ಮಲಗಿದ್ದರೂ ಅವನ ಸುತ್ತ ಇರುವವರು ಸುಮ್ಮನಿರುವಂತಿಲ್ಲ. ನಾಡಿ ಮತ್ತು ಬಿಪಿಯನ್ನು ಮೊದಲ ದಿನ ಗಂಟೆಗಂಟೆಗೆ ಬರೆದಿಡಬೇಕು. ಹಿಮೋಗ್ಲೋಬಿನ್ ಇಳಿಯುತ್ತಿದೆಯೇ ಎಂದು ಕೆಲವು ಗಂಟೆಗಳಿಗೊಮ್ಮೆ ನೋಡಬೇಕು; ಒಂದು ಸಲದ ಅಂಕಿ ಏನನ್ನೂ ಹೇಳುವುದಿಲ್ಲ, ಎರಡು ಮೂರು ಅಂಕಿಗಳ ನಡುವಿನ ಇಳಿಜಾರು ಹೇಳುತ್ತದೆ. ಪ್ರತಿ ಸಲದ ಮೂತ್ರವನ್ನು ಬೇರೆ ಬೇರೆ ಗಾಜಿನ ಕೊಳವೆಗಳಲ್ಲಿ ಹಿಡಿದು ಸಾಲಾಗಿ ನಿಲ್ಲಿಸಿ, ಕೆಂಪು ತಿಳಿಯಾಗುತ್ತಿದೆಯೇ ಎಂದು ಹೋಲಿಸುವ ಹಳೆಯ ಪದ್ಧತಿ ಇಂದಿಗೂ ಬೆಲೆಬಾಳುತ್ತದೆ. ರಕ್ತದ ಗುಂಪು ನೋಡಿ ಬಾಟಲಿ ಸಿದ್ಧವಿರಬೇಕು. ದೊಡ್ಡ ಗಾಯವಾಗಿದ್ದರೆ ಎರಡು ಮೂರು ದಿನಗಳ ಬಳಿಕ ಇನ್ನೊಂದು ಸಿ.ಟಿ. ಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ಬಿಪಿ ಕುಸಿದರೆ ಕೈಹಾಕಬಲ್ಲ ಶಸ್ತ್ರವೈದ್ಯ, ಅರಿವಳಿಕೆ ವೈದ್ಯ ಮತ್ತು ತೆರೆದ ಆಪರೇಷನ್ ಥಿಯೇಟರ್ ಅದೇ ಕಟ್ಟಡದಲ್ಲಿರಬೇಕು. ಇವಿಷ್ಟೂ ಇರುವಲ್ಲಿ ಕೊಯ್ಯದ ಚಿಕಿತ್ಸೆ ಅತ್ಯಂತ ಸುರಕ್ಷಿತ. ಇವು ಇಲ್ಲದ ಕಡೆ ಮಲಗಿಸಿ ಬಿಡುವುದು ಜೂಜಾಗುತ್ತದೆ.

ರಕ್ತ ನಿಲ್ಲದೆ ಸೋರುತ್ತಲೇ ಇದ್ದು, ಆದರೂ ರೋಗಿ ಕೈಮೀರಿಲ್ಲವಾದರೆ, ಕತ್ತಿಗೆ ಮುನ್ನ ಇನ್ನೊಂದು ಮೆಟ್ಟಿಲಿದೆ. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಕೂದಲೆಳೆಯಂಥ ಕೊಳವೆಯನ್ನು (ಕ್ಯಾತಿಟರ್) ಕಿಡ್ನಿಯೊಳಗಿನ ಸೋರುವ ಕವಲಿನವರೆಗೆ ಒಯ್ದು, ಅಲ್ಲಿ ಪುಟ್ಟ ಲೋಹದ ಸುರುಳಿಯನ್ನೋ ಜೆಲ್ಲಿನ ಚೂರನ್ನೋ ಇಟ್ಟು ಆ ಒಂದು ಕವಲನ್ನಷ್ಟೇ ಮುಚ್ಚುತ್ತಾರೆ. ಎಂಬೊಲೈಸೇಷನ್ ಎಂದು ಕರೆಯುವ ಇದರಲ್ಲಿ ಆ ಕವಲು ಉಣಿಸುತ್ತಿದ್ದ ತುಂಡು ಸಾಯುತ್ತದೆ, ಉಳಿದ ಕಿಡ್ನಿ ಬದುಕುತ್ತದೆ. ಮೂತ್ರ ಸೋರಿಕೆಯ ವಿಷಯದಲ್ಲಿ ದೇಹ ಇನ್ನೂ ಹೆಚ್ಚಿನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ನೂರರಲ್ಲಿ ಎಂಬತ್ತರಿಂದ ತೊಂಬತ್ತು ಮಂದಿಯಲ್ಲಿ ಸೋರಿಕೆ ತಾನಾಗಿ ನಿಲ್ಲುತ್ತದೆ. ನಿಲ್ಲದೆ ಜ್ವರ, ಹೆಚ್ಚುವ ನೋವು, ಹೊಟ್ಟೆಯುಬ್ಬರ ಕಾಣಿಸಿದರೆ ಮೂತ್ರನಾಳದೊಳಗೆ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಇಟ್ಟು ಮೂತ್ರಕ್ಕೆ ಸರಾಗ ದಾರಿ ಮಾಡಿಕೊಡುತ್ತಾರೆ. ಸ್ಟೆಂಟ್ ಇಟ್ಟವರು ಅದನ್ನು ಹೇಳಿದ ದಿನಕ್ಕೆ ತೆಗೆಸಲೇಬೇಕು. ಮರೆತು ಒಳಗೇ ಬಿಟ್ಟ ಸ್ಟೆಂಟಿನ ಮೇಲೆ ಕಲ್ಲು ಬೆಳೆದು ಹೊಸ ಸಂಕಟವಾಗುತ್ತದೆ.

ಶಸ್ತ್ರಚಿಕಿತ್ಸೆಯನ್ನು ತಡೆಯಲೇಬಾರದ ಸಂದರ್ಭಗಳೂ ಇವೆ. ರಕ್ತ ಕೊಟ್ಟರೂ ಬಿಪಿ ನಿಲ್ಲದವರಲ್ಲಿ, ಕಿಡ್ನಿಯ ಸುತ್ತಲ ರಕ್ತದ ಗಂಟು ಮಿಡಿಯುತ್ತ ಬೆಳೆಯುತ್ತಿರುವವರಲ್ಲಿ ಪ್ರಾಣ ಮೊದಲು, ಕಿಡ್ನಿ ಆಮೇಲೆ. ಮೂತ್ರನಾಳ ಪೂರ್ತಿ ಕಿತ್ತುಬಂದಿದ್ದರೆ ಅದು ತಾನಾಗಿ ಕೂಡುವುದಿಲ್ಲ, ಜೋಡಿಸಬೇಕು. ಮುಖ್ಯ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿದ ಕಿಡ್ನಿಯ ಸ್ಥಿತಿ ಎಲ್ಲಕ್ಕಿಂತ ದುಃಖದ್ದು. ರಕ್ತವಿಲ್ಲದೆ ಕಿಡ್ನಿ ಕೆಲವೇ ಗಂಟೆ ತಾಳಬಲ್ಲುದು. ಅಪಘಾತದ ಜಾಗದಿಂದ ಆಸ್ಪತ್ರೆಗೆ, ಅಲ್ಲಿಂದ ಸ್ಕ್ಯಾನಿಗೆ, ಸ್ಕ್ಯಾನಿನಿಂದ ಥಿಯೇಟರಿಗೆ ಬರುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ಆದುದರಿಂದ ಇನ್ನೊಂದು ಕಿಡ್ನಿ ಚೆನ್ನಾಗಿರುವವರಲ್ಲಿ ರಕ್ತನಾಳ ತೆರೆಯುವ ಸಾಹಸವನ್ನು ಹೆಚ್ಚಾಗಿ ಮಾಡುವುದಿಲ್ಲ. ಒಂದೇ ಕಿಡ್ನಿ ಇರುವವರಲ್ಲಿ, ಎರಡಕ್ಕೂ ಪೆಟ್ಟಾದವರಲ್ಲಿ ಮಾತ್ರ ಆ ಪ್ರಯತ್ನ ನಡೆಯುತ್ತದೆ.

ಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ದೇಹದ ಗಾತ್ರಕ್ಕೆ ಹೋಲಿಸಿದರೆ ಮಗುವಿನ ಕಿಡ್ನಿ ದೊಡ್ಡದು, ಸುತ್ತಲ ಕೊಬ್ಬು ಕಡಿಮೆ, ಪಕ್ಕೆಲುಬು ಇನ್ನೂ ಮೆತ್ತಗೆ. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದ ಸಾಮಾನ್ಯ ಬೀಳುವಿಕೆಯಲ್ಲೂ ಕಿಡ್ನಿ ಸೀಳಬಹುದು. ಅದಕ್ಕಿಂತ ಮುಖ್ಯವಾಗಿ, ಸಾಕಷ್ಟು ರಕ್ತ ಹೋದ ಮೇಲೂ ಮಗುವಿನ ಬಿಪಿ ಸರಿಯಾಗಿಯೇ ಇದ್ದು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ವಯಸ್ಕರಿಗೆ ಹೇಳಿದ ಬಿಪಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಣ್ಣ ಪೆಟ್ಟಿಗೆ ವಿಪರೀತ ರಕ್ತ ಹೋದರೆ ಆ ಕಿಡ್ನಿಯಲ್ಲಿ ಮೊದಲೇ ಏನೋ ಇತ್ತೆಂದು ಅನುಮಾನಿಸಬೇಕು: ಮೂತ್ರ ತುಂಬಿ ಊದಿಕೊಂಡ ಕಿಡ್ನಿ, ಎರಡೂ ಕೂಡಿಕೊಂಡ ಕುದುರೆಲಾಳದ ಆಕಾರದ ಕಿಡ್ನಿ, ಕೆಲವೊಮ್ಮೆ ಗೆಡ್ಡೆ ಕೂಡ ಹೀಗೆಯೇ ಮೊದಲ ಬಾರಿಗೆ ಬೆಳಕಿಗೆ ಬರುತ್ತವೆ.

ಫಲಿತಾಂಶಗಳ ಲೆಕ್ಕ ಒಟ್ಟಾರೆ ಆಶಾದಾಯಕವಾಗಿದೆ. ಮೊದಲ ಮೂರು ದರ್ಜೆಗಳ ಗಾಯ ಮಾಗಿದ ಮೇಲೆ ಕಿಡ್ನಿಯ ಕೆಲಸದಲ್ಲಿ ಗಮನಕ್ಕೆ ಬರುವಷ್ಟು ಕೊರತೆ ಉಳಿಯುವುದು ಅಪರೂಪ. ದರ್ಜೆ ಏರಿದಂತೆ ಆ ಕಿಡ್ನಿಯ ಪಾಲು ಕುಗ್ಗುತ್ತದೆ. ಎರಡೂ ಕಿಡ್ನಿಗಳ ಒಟ್ಟು ಕೆಲಸವನ್ನು ಹೇಳುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಇದನ್ನು ತೋರಿಸುವುದಿಲ್ಲ, ಏಕೆಂದರೆ ಪಕ್ಕದ ಕಿಡ್ನಿ ಭಾರವನ್ನು ಹೊತ್ತುಕೊಂಡಿರುತ್ತದೆ. ಯಾವ ಕಿಡ್ನಿ ಎಷ್ಟು ದುಡಿಯುತ್ತಿದೆ ಎಂದು ತಿಳಿಯಬೇಕಾದರೆ ಡಿಎಂಎಸ್‌ಎ ಸ್ಕ್ಯಾನ್ ಬೇಕು. ನನ್ನನ್ನು ಹೆಚ್ಚು ಕಾಡುವುದು ಮನೆಗೆ ಹೋದ ಮೇಲಿನ ಎರಡು ಅಪಾಯಗಳು. ಮೊದಲನೆಯದು, ಎರಡು ಮೂರು ವಾರಗಳೊಳಗೆ ಮರುಕಳಿಸುವ ರಕ್ತಸ್ರಾವ. ಗಾಯಗೊಂಡ ರಕ್ತನಾಳದ ಗೋಡೆ ತೆಳುವಾಗಿ ಗುಳ್ಳೆಯಂತೆ ಉಬ್ಬಿ, ಹೆಪ್ಪು ಕರಗುವ ಹೊತ್ತಿಗೆ ಒಡೆಯುತ್ತದೆ. ಚೆನ್ನಾಗಿದ್ದೇನೆಂದು ತೋಟಕ್ಕೆ ಇಳಿದವನಿಗೆ, ಬೈಕು ಹತ್ತಿದವನಿಗೆ ಹಠಾತ್ತನೆ ಮೂತ್ರ ಕೆಂಪಾಗಿ ತಲೆಸುತ್ತು ಬರುತ್ತದೆ. ಎರಡನೆಯದು ಸದ್ದಿಲ್ಲದೆ ಬರುವ ರಕ್ತದೊತ್ತಡ. 1939ರಲ್ಲಿ ಅಮೆರಿಕದ ಅರ್ವಿನ್ ಪೇಜ್ ನಾಯಿಗಳ ಕಿಡ್ನಿಗೆ ಸೆಲೋಫೇನ್ ಸುತ್ತಿದಾಗ ಅದರ ಸುತ್ತ ಬಿಗಿಯಾದ ಗಟ್ಟಿ ಪೊರೆ ಬೆಳೆದು, ಒತ್ತಡಕ್ಕೆ ಸಿಕ್ಕ ಕಿಡ್ನಿ ಇಡೀ ದೇಹದ ರಕ್ತದೊತ್ತಡವನ್ನು ಏರಿಸಿತು. ಹಳೆಯ ರಕ್ತದ ಗಂಟು ಗಟ್ಟಿಯಾಗಿ ಕಿಡ್ನಿಯನ್ನು ಹಿಂಡಿದಾಗ ಮನುಷ್ಯರಲ್ಲಿಯೂ ಇದೇ ಆಗುತ್ತದೆ. ತನಗೆ ರಕ್ತ ಸಾಲುತ್ತಿಲ್ಲವೆಂದು ತಿಳಿದ ಕಿಡ್ನಿ, ರಕ್ತದೊತ್ತಡ ಏರಿಸುವ ರೆನಿನ್ ಎಂಬ ರಸವನ್ನು ಸುರಿಸತೊಡಗುತ್ತದೆ. ನೂರರಲ್ಲಿ ಐದಕ್ಕಿಂತ ಕಡಿಮೆ ಮಂದಿಗೆ ಬರುವ ತೊಡಕಿದು, ಆದರೆ ವಾರಗಳ ಬಳಿಕವೂ ಬರಬಹುದು, ವರ್ಷಗಳ ಬಳಿಕವೂ ಬರಬಹುದು. ಇಪ್ಪತ್ತೈದರ ತರುಣ ಬಿಪಿ ನೋಡಿಸಿಕೊಳ್ಳಲು ಯಾಕಾದರೂ ಹೋಗುತ್ತಾನೆ?

ಇಲ್ಲಿ ನಮ್ಮ ವ್ಯವಸ್ಥೆಯ ಪ್ರಶ್ನೆ ಎದುರಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು. ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ದ್ವಿಚಕ್ರ ವಾಹನದವರು. ಇಂಥ ಗಾಯಾಳುಗಳಿಗಾಗಿ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಅಧಿಸೂಚಿಸಿತು. ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ಚಿಕಿತ್ಸೆ ಸಿಗುತ್ತದೆ. ಮೊದಲ ಗಂಟೆಗಳಲ್ಲಿ ಹಣಕ್ಕಾಗಿ ಚಿಕಿತ್ಸೆ ನಿಲ್ಲಬಾರದೆಂಬ ಅದರ ಉದ್ದೇಶವನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕಿಡ್ನಿಯ ಗಾಯಕ್ಕೆ ಏಳು ದಿನದ ಗಡಿ ಹೊಂದುವುದಿಲ್ಲ. ಎರಡನೆಯ ವಾರದ ಮರುರಕ್ತಸ್ರಾವ, ಆಗ ಬೇಕಾಗುವ ಎಂಬೊಲೈಸೇಷನ್, ತಿಂಗಳ ಬಳಿಕ ಸ್ಟೆಂಟ್ ತೆಗೆಯುವುದು, ಆಮೇಲಿನ ಬಿಪಿ ತಪಾಸಣೆ ಎಲ್ಲವೂ ಆ ಗಡಿಯಾಚೆ ಬೀಳುತ್ತವೆ. ಮರದಿಂದ ಬಿದ್ದ ಕೊನೆಗಾರನಿಗೆ, ಮೋಟಾರು ವಾಹನ ಅಪಘಾತ ಅಲ್ಲವಾದ್ದರಿಂದ, ಈ ಯೋಜನೆಯ ಬಾಗಿಲೇ ತೆರೆಯುವುದಿಲ್ಲ. ಗಾಯ ಅದೇ, ಕಿಡ್ನಿ ಅದೇ, ಬಿದ್ದ ಜಾಗ ಮಾತ್ರ ಬೇರೆ.

ದೂರದ ಸಮಸ್ಯೆ ಇದಕ್ಕೂ ದೊಡ್ಡದು. ರಕ್ತನಾಳದೊಳಗಿನಿಂದ ಚಿಕಿತ್ಸೆ ಮಾಡಬಲ್ಲ ರೇಡಿಯಾಲಜಿ ತಜ್ಞರು ಹೆಚ್ಚಾಗಿ ಬೆಂಗಳೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿಯಂಥ ಊರುಗಳಲ್ಲಿದ್ದಾರೆ. ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ ವರ್ಷಗಳಿಂದ ಒತ್ತಾಯಿಸುತ್ತ ಬಂದಿರುವುದು ಇಂಥ ಗಾಯಗಳ ಕಾರಣಕ್ಕೂ ಹೌದು. ಕಾರವಾರದಲ್ಲಿ ಗಾಯಗೊಂಡವರು ಮಣಿಪಾಲ ಮುಟ್ಟಬೇಕಾದರೆ ಇನ್ನೂರು ಕಿಲೋಮೀಟರಿನಷ್ಟು ಸಾಗಬೇಕು. ಇಂಥ ಚಿಕಿತ್ಸೆ ನಡೆಸುವ ಕ್ಯಾತ್ ಲ್ಯಾಬನ್ನು ಪ್ರತಿ ತಾಲ್ಲೂಕಿಗೂ ಕೊಡಲಾಗದು, ಅದನ್ನು ಕೇಳುವುದೂ ಸರಿಯಲ್ಲ. ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಹಗಲಿರುಳು ಕಾಂಟ್ರಾಸ್ಟ್ ಸಿ.ಟಿ., ರಕ್ತನಿಧಿ ಮತ್ತು ಶಸ್ತ್ರವೈದ್ಯರ ತಂಡ ಸಿಗುವಂತೆ ಮಾಡುವುದು ಸಾಧ್ಯ. ಬಹುಪಾಲು ಕಿಡ್ನಿ ಗಾಯಗಳಿಗೆ ಅಷ್ಟೇ ಸಾಕು. ಹೊರಚಿಮ್ಮುವ ರಕ್ತ ಸ್ಕ್ಯಾನಿನಲ್ಲಿ ಕಂಡವರನ್ನು, ಅವರು ಇನ್ನೂ ಮಾತನಾಡುತ್ತಿರುವಾಗಲೇ, ದೊಡ್ಡ ಕೇಂದ್ರಕ್ಕೆ ಸಾಗಿಸುವ ತೀರ್ಮಾನವನ್ನು ಅಲ್ಲಿಯೇ ಕೈಗೊಳ್ಳಬಹುದು. ಬಿಪಿ ಕುಸಿದ ಮೇಲೆ ಆಂಬುಲೆನ್ಸ್ ಹುಡುಕುವ ಈಗಿನ ರೂಢಿ ಬದಲಾಗಬೇಕು.

ಹಣವಿಲ್ಲದೆ, ಹೊಸ ಕಟ್ಟಡವಿಲ್ಲದೆ ಇಂದೇ ಆಗಬಹುದಾದ ಒಂದು ಕೆಲಸ ಡಿಸ್ಚಾರ್ಜ್ ಚೀಟಿಯಲ್ಲಿದೆ. ರೋಗಿಯ ಕೈಗೆ ಕೊಡುವ ಆ ಹಾಳೆಯಲ್ಲಿ ಗಾಯದ ದರ್ಜೆ ಮತ್ತು ಪಕ್ಕ, ಸ್ಟೆಂಟ್ ಇಟ್ಟಿದ್ದರೆ ಅದನ್ನು ತೆಗೆಸಬೇಕಾದ ತಾರೀಖು, ಮೂತ್ರ ಪರೀಕ್ಷೆಯಲ್ಲಿ ರಕ್ತ ಪೂರ್ತಿ ನಿಲ್ಲುವವರೆಗೆ ಮರ ಹತ್ತುವುದು, ಭಾರ ಹೊರುವುದು, ಕಬಡ್ಡಿ ಆಡುವುದು ಬೇಡವೆಂಬ ಮಾತು, ಮೊದಲ ವರ್ಷ ಆಗಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಬೇಕೆಂಬ ಸೂಚನೆ, ಮೂತ್ರ ಮತ್ತೆ ಕೆಂಪಾದರೆ, ಪಕ್ಕೆ ನೋವು ಹೆಚ್ಚಿದರೆ, ಜ್ವರ ಬಂದರೆ, ತಲೆಸುತ್ತು ಬಂದರೆ ಹಗಲು ರಾತ್ರಿ ಎನ್ನದೆ ಯಾವ ಆಸ್ಪತ್ರೆಗೆ ಬರಬೇಕು ಎಂಬ ವಿಳಾಸ, ಇಷ್ಟನ್ನೂ ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಬರೆದು, ರೋಗಿಯ ಜೊತೆ ಬಂದವರಿಗೆ ಒಮ್ಮೆ ಓದಿ ಹೇಳಿ ಕಳುಹಿಸಬೇಕು.